ಪೆಟ್ಟಿಗೆಯ ಮೇಲೆ ಬರೆಯದ ಹೊಂದಾಣಿಕೆ

2009ರ ಅಕ್ಟೋಬರ್ 22ರಂದು ವಿಂಡೋಸ್ 7 ಮಾರುಕಟ್ಟೆಗೆ ಬಂದಾಗ ಮೈಕ್ರೋಸಾಫ್ಟ್ ತನ್ನ ಹಳೆಯ ಗಿರಾಕಿಗಳಿಗೆ ಒಂದು ಭರವಸೆ ಕೊಟ್ಟಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುವ ತಂತ್ರಾಂಶವನ್ನು ನಂಬಿಕೊಂಡ ಕಚೇರಿಗಳು ಹೆದರಬೇಕಿಲ್ಲ, ವಿಂಡೋಸ್ 7ರ ಪ್ರೊಫೆಷನಲ್ ಮತ್ತು ಅದಕ್ಕೂ ಮೇಲಿನ ಆವೃತ್ತಿಗಳೊಳಗೆ ಒಂದು ಇಡೀ ಎಕ್ಸ್‌ಪಿ ಕಂಪ್ಯೂಟರನ್ನೇ ಓಡಿಸಬಹುದು ಎಂದು. 'ಎಕ್ಸ್‌ಪಿ ಮೋಡ್' ಎಂದು ಅದರ ಹೆಸರು. ಷರತ್ತು ಒಂದೇ: ಪ್ರೊಸೆಸರಿನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇರಬೇಕು. ಗೊಂದಲ ಹುಟ್ಟಿದ್ದೇ ಅಲ್ಲಿ. ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ8200ರಲ್ಲಿ ನಾಲ್ಕು ಕೋರ್‌ಗಳಿದ್ದರೂ ಆ ಸೌಲಭ್ಯ ಇರಲಿಲ್ಲ. ಕ್ಯೂ8300ರ ಕಥೆ ಇನ್ನೂ ವಿಚಿತ್ರ. ಮೊದಲು ಬಂದ ಸರಕಿನಲ್ಲಿ ಅದು ಇರಲಿಲ್ಲ, ಆಮೇಲೆ ಬಂದದ್ದರಲ್ಲಿ ಇತ್ತು. ಹೆಸರು ಮಾತ್ರ ಎರಡಕ್ಕೂ ಒಂದೇ. ಸೋನಿಯ ಹಲವು ವಯೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸಮರ್ಥವಾಗಿಯೇ ಇತ್ತು, ಆದರೆ ಕಂಪನಿಯೇ ಬಯಾಸ್‌ನಲ್ಲಿ ಅದಕ್ಕೆ ಬೀಗ ಹಾಕಿತ್ತು.

ಗದ್ದಲ ಹೆಚ್ಚಾದ ಮೇಲೆ 2010ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಆ ಷರತ್ತನ್ನೇ ಕೈಬಿಟ್ಟಿತು. ಎಕ್ಸ್‌ಪಿ ಮೋಡ್ ಕೂಡ ಈಗ ಇತಿಹಾಸ. ಇವತ್ತು ಯಾರಾದರೂ ಅಂಗಡಿಯಲ್ಲಿ ನಿಂತು "ವರ್ಚುವಲ್ ಮಷೀನ್ ಓಡಿಸಬೇಕು, ಯಾವ ಕಂಪ್ಯೂಟರ್ ಒಳ್ಳೆಯದು?" ಎಂದು ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿರುತ್ತದೆ: "ಅದೆಲ್ಲ ಈಗ ಎಲ್ಲದರಲ್ಲೂ ಬರುತ್ತೆ ಸಾರ್, ಕೋರ್ ಜಾಸ್ತಿ ಇರೋದು ತಗೊಳ್ಳಿ." ಈ ಉತ್ತರದ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧವೇ ಜನರ ಹಣ ಕಳೆಯುವುದು. ಹೊಂದಾಣಿಕೆಯ ಪ್ರಶ್ನೆ ಬಗೆಹರಿಯಿತು ಎಂದು ಎಲ್ಲರೂ ನಂಬಿದ ಹೊತ್ತಿನಲ್ಲಿ ಅದು ಪ್ರೊಸೆಸರಿನ ಒಂದು ಮೂಲೆಯಿಂದ ಎದ್ದು ಮದರ್‌ಬೋರ್ಡಿಗೆ, ಕೋರ್‌ಗಳ ಜಾತಿಗೆ, ರ‍್ಯಾಮ್‌ನ ಸ್ಲಾಟಿಗೆ, ಕೊನೆಗೆ ತಂತ್ರಾಂಶ ಕಂಪನಿಗಳ ಪರವಾನಗಿ ನೀತಿಗೆ ಹೋಗಿ ಕೂತಿದೆ. ಕೋರ್‌ಗಳನ್ನು ಎಣಿಸುವವರಿಗೆ ಅದು ಕಾಣುವುದಿಲ್ಲ.

ವರ್ಚುವಲ್ ಮಷೀನ್ ಎಂಬುದು ಮೂಲತಃ ಒಂದು ನಟನೆ. ಒಂದು ನಿಜವಾದ ಕಂಪ್ಯೂಟರಿನೊಳಗೆ ಕುಳಿತ ಹೈಪರ್‌ವೈಸರ್ ಎಂಬ ತಂತ್ರಾಂಶ ತನ್ನ ಮೇಲಿನ ಗೆಸ್ಟ್ ವ್ಯವಸ್ಥೆಗಳಿಗೆ, ಅವು ಲಿನಕ್ಸ್ ಇರಲಿ ವಿಂಡೋಸ್ ಇರಲಿ, ಪ್ರತಿಯೊಂದಕ್ಕೂ ಒಂದೊಂದು ಸ್ವಂತ ಕಂಪ್ಯೂಟರ್ ಇದೆ ಎಂದು ನಂಬಿಸುತ್ತದೆ. ಯಂತ್ರದ ಕೆಲವು ಭಾಗಗಳನ್ನು ತಂತ್ರಾಂಶ ಸುಲಭವಾಗಿ ನಟಿಸಬಲ್ಲದು. ಡಿಸ್ಕ್ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡ್, ಸಾಧಾರಣ ಡಿಸ್‌ಪ್ಲೇ ಈ ಗುಂಪಿನವು. ಇನ್ನು ಕೆಲವನ್ನು ನಟಿಸಲು ಹೋದರೆ ವೇಗ ಸತ್ತೇಹೋಗುತ್ತದೆ, ಇಲ್ಲವೇ ನಟನೆ ಸಾಧ್ಯವೇ ಆಗುವುದಿಲ್ಲ. ಯಾವ ಭಾಗ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿದರೆ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಈ ಭೇದ ಹೊಸದೇನಲ್ಲ. 1967ರ ಜನವರಿಯಲ್ಲಿ ಐಬಿಎಂನವರು ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ತಮ್ಮ ವಿಜ್ಞಾನ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಆ ಮೊದಲ ಪ್ರಯೋಗಕ್ಕೂ ಅಂಗಡಿಯಲ್ಲಿ ಸಿಗುವ ಸಿಸ್ಟಮ್/360 ಮಾಡೆಲ್ 40 ಸಾಕಾಗಲಿಲ್ಲ. ಮೆಮೊರಿ ವಿಳಾಸಗಳನ್ನು ಬದಲಿಸಿ ಕೊಡುವ ವಿಶೇಷ ಯಂತ್ರಾಂಶವನ್ನು ಅದಕ್ಕೆ ಜೋಡಿಸಬೇಕಾಯಿತು. 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದಕ್ಕೊಂದು ನಿಯಮವನ್ನೇ ಬರೆದರು. ಯಂತ್ರದ ಸ್ಥಿತಿಯನ್ನು ಬದಲಿಸುವ ಅಥವಾ ಬಯಲು ಮಾಡುವ ಪ್ರತಿಯೊಂದು ಆಜ್ಞೆಯೂ, ಅಧಿಕಾರವಿಲ್ಲದವರು ಕೊಟ್ಟಾಗ, ಕೆಲಸ ನಿಲ್ಲಿಸಿ ಮೇಲಿನವರಿಗೆ ದೂರು ಒಯ್ಯಬೇಕು. ಆಗ ಹೈಪರ್‌ವೈಸರ್ ಮಧ್ಯೆ ಬಂದು ನಟನೆಯನ್ನು ಕಾಪಾಡಬಲ್ಲದು.

ನಮ್ಮ ಮೇಜಿನ ಮೇಲಿನ ಇಂಟೆಲ್ ವಂಶದ ಪ್ರೊಸೆಸರ್‌ಗಳು ಈ ಪರೀಕ್ಷೆಯಲ್ಲಿ ಫೇಲಾದವು. 2000ದಲ್ಲಿ ಜಾನ್ ರಾಬಿನ್ ಮತ್ತು ಸಿಂಥಿಯಾ ಅರ್ವಿನ್ ಪೆಂಟಿಯಂನ ಆಜ್ಞೆಗಳನ್ನೆಲ್ಲ ಜಾಲಾಡಿ, ನಿಯಮ ಮುರಿಯುವ 17 ಆಜ್ಞೆಗಳನ್ನು ಹೆಸರಿಸಿದರು. ಅದರಲ್ಲಿ 'ಪಾಪ್‌ಎಫ್' ಎಂಬುದೊಂದಿದೆ. ಅಡಚಣೆಗಳನ್ನು ತಡೆಹಿಡಿಯುವ ಗುರುತನ್ನು ಬದಲಿಸಲು ಅಧಿಕಾರವಿಲ್ಲದ ಗೆಸ್ಟ್ ಅದನ್ನು ಬಳಸಿದರೆ ಪ್ರೊಸೆಸರ್ ತಪ್ಪೆಂದು ಕೂಗುವುದೂ ಇಲ್ಲ, ಹೇಳಿದ್ದನ್ನು ಮಾಡುವುದೂ ಇಲ್ಲ. ಸುಮ್ಮನೆ ಮುಂದೆ ಹೋಗುತ್ತದೆ. ಹೈಪರ್‌ವೈಸರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಗೆಸ್ಟ್ ಮಾತ್ರ ಕೆಲಸ ಆಯಿತೆಂದು ತಿಳಿದು ದಾರಿ ತಪ್ಪುತ್ತದೆ.

1998ರಲ್ಲಿ ಹುಟ್ಟಿದ ವಿಎಂವೇರ್ ಮರುವರ್ಷವೇ ಇದಕ್ಕೊಂದು ಚತುರ ಉಪಾಯ ಮಾಡಿ ತೋರಿಸಿತು. ಗೆಸ್ಟ್‌ನ ಅಪಾಯಕಾರಿ ಆಜ್ಞೆಗಳನ್ನು ಅದು ಓಡುತ್ತಿರುವಾಗಲೇ ಹುಡುಕಿ, ನಿರಪಾಯವಾದ ಬೇರೆ ಆಜ್ಞೆಗಳಾಗಿ ತಿರುಗಿಸಿ ಬರೆಯುವ ಉಪಾಯ. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದ ಝೆನ್ ಎಂಬ ಹೈಪರ್‌ವೈಸರ್ ಇನ್ನೊಂದು ದಾರಿ ಹಿಡಿದು ಗೆಸ್ಟ್ ವ್ಯವಸ್ಥೆಯನ್ನೇ ತಿದ್ದಿತು. ಕೊನೆಗೆ ಚಿಪ್ ತಯಾರಕರೇ ಸೋಲೊಪ್ಪಿದರು. 2005ರ ನವೆಂಬರ್‌ನಲ್ಲಿ ಇಂಟೆಲ್ ತನ್ನ ಪೆಂಟಿಯಂ 4ರ 662 ಮತ್ತು 672 ಮಾದರಿಗಳಲ್ಲಿ ವಿಟಿ-ಎಕ್ಸ್ ಎಂಬ ವರ್ಚುವಲೈಸೇಶನ್ ಸೌಲಭ್ಯ ತಂದಿತು. 2006ರ ಮೇ ತಿಂಗಳಲ್ಲಿ ಎಎಂಡಿ ತನ್ನ ಎಎಂಡಿ-ವಿ ತಂದಿತು. ಅದೇ ವರ್ಷ ಹೊರಬಂದ ಕೆವಿಎಂ ಎಂಬ ಹೈಪರ್‌ವೈಸರ್ ಹಳೆಯ ಪ್ರೊಸೆಸರ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ಈ ಸೌಲಭ್ಯ ಇದ್ದರೆ ಮಾತ್ರ ಓಡುತ್ತೇನೆ ಎಂದಿತು, 2007ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್‌ನ ಭಾಗವೇ ಆಯಿತು. ಆಮೇಲೆ ಗೆಸ್ಟ್‌ಗಳ ಮೆಮೊರಿ ವಿಳಾಸವನ್ನು ಚಿಪ್ಪೇ ತಿರುಗಿಸಿ ಕೊಡುವ ಎರಡನೇ ಹಂತದ ಸೌಲಭ್ಯ ಬಂತು. 2012ರ ವಿಂಡೋಸ್ 8ರೊಳಗಿನ ಹೈಪರ್-ವಿ ಎಂಬ ಹೈಪರ್‌ವೈಸರ್ ಅದನ್ನು ಕಡ್ಡಾಯ ಮಾಡಿತು. 2019ರ ಕೊನೆಗೆ ವರ್ಚುವಲ್‌ಬಾಕ್ಸ್ 6.1 ತನ್ನಲ್ಲಿದ್ದ ಹಳೆಯ ತಂತ್ರಾಂಶ ನಟನೆಯನ್ನು ಕಿತ್ತೇಹಾಕಿತು.

ಅಂಗಡಿಯವರ ಮಾತಿಗೆ ಆಧಾರ ಇರುವುದು ಇಲ್ಲಿಯೇ. 2023ರಲ್ಲಿ ಬಂದ ಇಂಟೆಲ್‌ನ ಎನ್100 ಎಂಬ ಅಗ್ಗದ ಪ್ರೊಸೆಸರ್ ಅಂಗೈ ಗಾತ್ರಕ್ಕೆ ಹತ್ತಿರದ ಮಿನಿ ಪಿಸಿಗಳಲ್ಲೂ ಸಿಗುತ್ತದೆ, ಅದರಲ್ಲಿ ಕೂಡ ಈ ಎಲ್ಲ ಸೌಲಭ್ಯಗಳೂ ಇವೆ. ಹಾಗಾದರೆ ಉಳಿದ ತಕರಾರು ಏನು?

ಮೊದಲ ತಕರಾರು ಮದರ್‌ಬೋರ್ಡಿನದು. ಗೆಸ್ಟ್‌ಗೆ ಒಂದು ನಿಜವಾದ ಗ್ರಾಫಿಕ್ಸ್ ಕಾರ್ಡನ್ನೋ ಡಿಸ್ಕ್ ಕಂಟ್ರೋಲರನ್ನೋ ನೇರವಾಗಿ ಒಪ್ಪಿಸಬೇಕಾದ ಸಂದರ್ಭಗಳಿವೆ. ವಿಡಿಯೊ ಸಂಕಲನ, ಯಂತ್ರಕಲಿಕೆ, ಡಿಸ್ಕ್‌ಗಳ ದೊಡ್ಡ ಸಂಗ್ರಹ ಇಂಥವು. ಆದರೆ ಕಾರ್ಡುಗಳು ಪ್ರೊಸೆಸರನ್ನು ಕೇಳದೆಯೇ ಮೆಮೊರಿಗೆ ಬರೆಯುತ್ತವೆ. ಕಾವಲಿಲ್ಲದಿದ್ದರೆ ಒಂದು ಗೆಸ್ಟ್‌ನ ಕಾರ್ಡು ಇನ್ನೊಂದರ ಮೆಮೊರಿಯನ್ನು ಹಾಳುಮಾಡಬಹುದು. ಈ ಕಾವಲುಗಾರನಿಗೆ ಐಓಎಂಎಂಯು ಎಂದು ಹೆಸರು; ಇಂಟೆಲ್ ಅದನ್ನು ವಿಟಿ-ಡಿ ಎನ್ನುತ್ತದೆ. ಇದನ್ನು ತಂತ್ರಾಂಶ ನಟಿಸಲಾಗದು.

2011ರಲ್ಲಿ ಇಂಟೆಲ್ ಕೋರ್ ಐ7-2600 ಮತ್ತು ಐ7-2600ಕೆ ಎಂಬ ಅವಳಿಗಳನ್ನು ಮಾರಿತು. ವೇಗ ಏರಿಸಿಕೊಳ್ಳಬಹುದಾದ 'ಕೆ' ಮಾದರಿಗೆ ಇಪ್ಪತ್ತು ಡಾಲರ್‌ಗೂ ಹೆಚ್ಚು ಬೆಲೆ. ವಿಟಿ-ಡಿ ಇದ್ದದ್ದು ಮಾತ್ರ ಕಡಿಮೆ ಬೆಲೆಯದರಲ್ಲಿ. ದುಬಾರಿ ಕೊಟ್ಟವರು ಸೌಲಭ್ಯ ಕಳೆದುಕೊಂಡರು! 2013ರ ಐ7-4770ಕೆಯವರೆಗೂ ಇದೇ ಆಟ ನಡೆಯಿತು. 2014ರ ಐ7-4790ಕೆಯಲ್ಲಿ ನಿಂತಿತು. ಇದಕ್ಕೆ ತಾಂತ್ರಿಕ ಕಾರಣ ಯಾವುದೂ ಕಾಣುವುದಿಲ್ಲ, ಎರಡರ ಒಳಗಿನ ವಿನ್ಯಾಸ ಒಂದೇ. ಸೌಲಭ್ಯವನ್ನು ಮಾರುಕಟ್ಟೆಯ ಬೇಲಿಯಾಗಿ ಬಳಸಿದ್ದೇ ಕಾರಣ. ಎನ್‌ವಿಡಿಯಾ ಕೂಡ ಹಾಗೆಯೇ ಮಾಡಿತು. ತನ್ನ ಜಿಫೋರ್ಸ್ ಕಾರ್ಡು ವರ್ಚುವಲ್ ಮಷೀನ್‌ನೊಳಗೆ ಇದೆ ಎಂದು ಗೊತ್ತಾದೊಡನೆ ಅದರ ಡ್ರೈವರ್ 'ಕೋಡ್ 43' ಎಂಬ ದೋಷ ತೋರಿಸಿ ಕೈಚೆಲ್ಲುತ್ತಿತ್ತು. 2021ರಲ್ಲಷ್ಟೇ ಕಂಪನಿ ಅದನ್ನು ಅಧಿಕೃತವಾಗಿ ಸಡಿಲಿಸಿತು. ಹೊಂದಾಣಿಕೆಯ ಕೊರತೆಯೆಲ್ಲ ತಂತ್ರಜ್ಞಾನದ ಮಿತಿಯೆಂದು ನಂಬುವವರು ಈ ಎರಡು ಪ್ರಸಂಗಗಳನ್ನು ನೆನಪಿಡಬೇಕು.

ಇವತ್ತಿನ ಪ್ರೊಸೆಸರ್‌ಗಳಲ್ಲಿ ಐಓಎಂಎಂಯು ಸಾಮಾನ್ಯವಾಗಿದೆ. ಅದನ್ನು ಹೇಗೆ ಹಂಚುವುದೆಂದು ತೀರ್ಮಾನಿಸುವುದು ಮದರ್‌ಬೋರ್ಡ್. ಬೋರ್ಡಿನ ಸ್ಲಾಟ್‌ಗಳು ಗುಂಪು ಗುಂಪಾಗಿರುತ್ತವೆ. ಒಂದು ಗುಂಪಿನ ಸಾಧನಗಳನ್ನೆಲ್ಲ ಒಟ್ಟಿಗೇ ಗೆಸ್ಟ್‌ಗೆ ಕೊಡಬೇಕು, ಬಿಡಿಸಿ ಕೊಡುವಂತಿಲ್ಲ. ಅಗ್ಗದ ಬೋರ್ಡುಗಳಲ್ಲಿ ಎರಡನೆಯ ಗ್ರಾಫಿಕ್ಸ್ ಸ್ಲಾಟ್, ನೆಟ್‌ವರ್ಕ್ ಕಾರ್ಡ್, ಯುಎಸ್‌ಬಿ ಎಲ್ಲವೂ ಒಂದೇ ಗುಂಪಿನಲ್ಲಿ ಸಿಕ್ಕಿಕೊಂಡಿರುವುದುಂಟು. ಆಗ ಕಾರ್ಡನ್ನು ಗೆಸ್ಟ್‌ಗೆ ಕೊಡಲು ಹೋದರೆ ಗೆಸ್ಟ್‌ಗಳನ್ನು ಹೊತ್ತ ಮೂಲ ಯಂತ್ರದ, ಅಂದರೆ ಹೋಸ್ಟ್‌ನ, ನೆಟ್‌ವರ್ಕ್ ಕೂಡ ಕೈತಪ್ಪುತ್ತದೆ. ಈ ಗುಂಪುಗಳ ಪಟ್ಟಿಯನ್ನು ಪೆಟ್ಟಿಗೆಯ ಮೇಲೆ ಯಾವ ತಯಾರಕರೂ ಅಚ್ಚು ಹಾಕುವುದಿಲ್ಲ. ಹಾಗಾಗಿ ಇಂಥ ಕೆಲಸಕ್ಕೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದು, ಆ ಹಣವನ್ನು ಬೋರ್ಡಿಗೆ ಹಾಕುವುದೇ ವಿವೇಕ.

ಎರಡನೆಯ ತಕರಾರು ಕೋರ್‌ಗಳ ಎಣಿಕೆಯದು. 2021ರ ನವೆಂಬರ್‌ನಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನ ಐ9-12900ಕೆಯಲ್ಲಿ 16 ಕೋರ್‌ಗಳಿವೆ. ಅವುಗಳಲ್ಲಿ 8 ದೊಡ್ಡವು, 8 ಚಿಕ್ಕವು. ಮನೆಯ ಬಳಕೆಗೆ, ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿತಾಯಕ್ಕೆ ಇಂಥ ಜೋಡಣೆ ಚೆನ್ನ. ವಿಎಂವೇರ್‌ನ ಇಎಸ್‌ಎಕ್ಸ್‌ಐ ಎಂಬ ಹೈಪರ್‌ವೈಸರ್ ಮಾತ್ರ ಎಲ್ಲ ಕೋರ್‌ಗಳೂ ಒಂದೇ ಬಗೆಯವೆಂದು ನಂಬಿ ಕಟ್ಟಿದ ವ್ಯವಸ್ಥೆ. ಬೂಟ್ ಆಗುವಾಗ ಕೋರ್‌ಗಳ ನಡುವೆ ವ್ಯತ್ಯಾಸ ಕಂಡರೆ ನೇರಳೆ ಬಣ್ಣದ ಪರದೆ ತೋರಿಸಿ ನಿಂತುಬಿಡುತ್ತದೆ. ಪರಿಶೀಲನೆಯನ್ನು ಕಡೆಗಣಿಸುವಂತೆ ಆಜ್ಞೆ ಕೊಟ್ಟು ಮುಂದೆ ಸಾಗುವ ಉಪಾಯ ಇದೆ, ಆದರೆ ಅದಕ್ಕೆ ಕಂಪನಿಯ ಬೆಂಬಲವಿಲ್ಲ. ಲಿನಕ್ಸ್‌ನ ಕೆವಿಎಂ ಹೀಗೆ ಹಟ ಹಿಡಿಯುವುದಿಲ್ಲ. ಅಲ್ಲೂ ಒಂದು ಗೆಸ್ಟ್ ಈ ಕ್ಷಣ ದೊಡ್ಡ ಕೋರ್‌ನಲ್ಲಿ, ಮರುಕ್ಷಣ ಚಿಕ್ಕದರಲ್ಲಿ ಓಡಿದರೆ ಅದರ ವೇಗ ಏರುಪೇರಾಗುತ್ತದೆ. ಯಾವ ಗೆಸ್ಟ್ ಯಾವ ಕೋರ್‌ನಲ್ಲಿ ಎಂದು ಕಟ್ಟಿಹಾಕುವ ಕೆಲಸ ಬಳಕೆದಾರರ ತಲೆಗೆ ಬರುತ್ತದೆ. 16 ಎಂಬ ಅಂಕಿ 8 ಸಮಾನ ಕೋರ್‌ಗಳ ಎದುರು ಯಾವಾಗಲೂ ಗೆಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಬಿರುಕು ಬಿಟ್ಟದ್ದು 2020ರ ನವೆಂಬರ್‌ನಲ್ಲಿ. ಆಪಲ್ ತನ್ನ ಎಂ1 ಚಿಪ್‌ನೊಂದಿಗೆ ಇಂಟೆಲ್ ಆಜ್ಞಾಭಾಷೆಯನ್ನು ಬಿಟ್ಟು ಆರ್ಮ್‌ಗೆ ಹೊರಳಿತು. ವೇಗದಲ್ಲಿ, ಬ್ಯಾಟರಿಯಲ್ಲಿ ಆ ಮ್ಯಾಕ್‌ಬುಕ್‌ಗಳು ಎಲ್ಲರ ಹುಬ್ಬೇರಿಸಿದವು. ಆದರೆ ಇಂಟೆಲ್‌ಗೆಂದು ಬರೆದ ವಿಂಡೋಸ್ ಅಥವಾ ಲಿನಕ್ಸ್ ಗೆಸ್ಟ್ ಅವುಗಳಲ್ಲಿ ವರ್ಚುವಲೈಸೇಶನ್ ಮೂಲಕ ಓಡದು. ಪ್ರತಿ ಆಜ್ಞೆಯನ್ನೂ ಅನುವಾದಿಸುವ ಎಮ್ಯುಲೇಶನ್ ಒಂದೇ ದಾರಿ, ಅದು ಬಹಳ ನಿಧಾನ. ಆರ್ಮ್‌ಗಾಗಿ ಮಾಡಿದ ಲಿನಕ್ಸ್ ಚೆನ್ನಾಗಿ ಓಡುತ್ತದೆ. ಆರ್ಮ್ ವಿಂಡೋಸ್ 11ನ್ನು ಪ್ಯಾರಲಲ್ಸ್ ತಂತ್ರಾಂಶದಲ್ಲಿ ಓಡಿಸಲು ಮೈಕ್ರೋಸಾಫ್ಟ್ 2023ರ ಫೆಬ್ರವರಿಯಲ್ಲಿ ಅಧಿಕೃತ ಒಪ್ಪಿಗೆ ಕೊಟ್ಟಿತು. ಗ್ರಾಹಕರ ಸರ್ವರ್‌ನ ಹುಬೇಹೂಬು ಪ್ರತಿಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬೇಕಾದ ಬೆಂಗಳೂರಿನ ತಂತ್ರಜ್ಞೆಗೆ ಆ ಸರ್ವರ್ ಇಂಟೆಲ್‌ನದಾಗಿದ್ದರೆ ಈ ಸುಂದರ ಯಂತ್ರ ಸರಿಯಾದ ಆಯ್ಕೆಯಲ್ಲ. ಸರ್ವರ್ ಆರ್ಮ್‌ನದಾಗಿದ್ದರೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತೀರ್ಪು ಕೊಡುವುದು ಗೆಸ್ಟ್.

ಗೆಸ್ಟ್‌ನಿಂದ ಹಿಮ್ಮುಖವಾಗಿ ಯೋಚಿಸುವ ಈ ಕ್ರಮ ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರಿಗೆ ಇನ್ನೂ ಮುಖ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಡೇಟಾ ಸೆಂಟರ್‌ಗಳು ಕೈಬಿಟ್ಟ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ, ವಿದ್ಯಾರ್ಥಿಗಳ ಕಣ್ಣು ಅವುಗಳ ಮೇಲೆ ಬೀಳುವುದು ಸಹಜ. ಝಿಯಾನ್ ಇ5-2680 ವಿ2 ಎಂಬುದು 2013ರ 10 ಕೋರ್‌ಗಳ ಪ್ರೊಸೆಸರ್. ಇ5-2680 ವಿ3 ಮರುವರ್ಷ ಬಂದ 12 ಕೋರ್‌ಗಳದು. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ ಎವಿಎಕ್ಸ್2 ಎಂಬ ಆಜ್ಞಾಸಮೂಹ ವಿ3ರಲ್ಲಿ ಇದೆ, ವಿ2ರಲ್ಲಿ ಇಲ್ಲ. 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಎರಡನ್ನೂ ಒಪ್ಪುತ್ತದೆ. 2025ರಲ್ಲಿ ಬಂದ 10ನೇ ಆವೃತ್ತಿಗೆ ಎವಿಎಕ್ಸ್2 ಕಡ್ಡಾಯ. ವಿ2 ಯಂತ್ರದ ಮೇಲೆ ಆ ಗೆಸ್ಟ್ ಬೂಟೇ ಆಗದು. ರ‍್ಯಾಮ್ ಎಷ್ಟು ತುಂಬಿದರೂ ಈ ಕೊರತೆ ನೀಗುವುದಿಲ್ಲ. ಹಳೆಯ ಯಂತ್ರ ಬೇಡವೆಂದು ಇದರ ಅರ್ಥವಲ್ಲ. ವಿ2ಗೂ ವಿ3ಗೂ ಇರುವ ಬೆಲೆಯ ಅಂತರವನ್ನು ಕೊಡುವುದು ಲಾಭ ಎಂದಷ್ಟೇ.

ಹೊಸದಾದ ಮಾತ್ರಕ್ಕೆ ಸಮರ್ಥವೆಂದೂ ಅಲ್ಲ. 2020ರ ಪೆಂಟಿಯಂ ಗೋಲ್ಡ್ ಜಿ6400ರಲ್ಲಿ ವರ್ಚುವಲೈಸೇಶನ್ ಇದೆ, ಎವಿಎಕ್ಸ್2ಗೆ ಮೊದಲಿನ ಎವಿಎಕ್ಸ್ ಕೂಡ ಇಲ್ಲ. 2021ರಲ್ಲಿ ಬಂದ ಮಾಂಗೋಡಿಬಿ 5.0 ಎಂಬ ಡೇಟಾಬೇಸ್ ಎವಿಎಕ್ಸ್ ಇಲ್ಲದ ಪ್ರೊಸೆಸರಿನಲ್ಲಿ ಶುರುವಾಗುವುದೇ ಇಲ್ಲ. 2011ರಷ್ಟು ಹಳೆಯ ಐ5 ಅದನ್ನು ಓಡಿಸುತ್ತದೆ, 2020ರ ಪೆಂಟಿಯಂ ಓಡಿಸುವುದಿಲ್ಲ! ಕೆಲವೊಮ್ಮೆ ಚಿಪ್‌ನಲ್ಲಿ ಎಲ್ಲವೂ ಇದ್ದೂ ಹೈಪರ್‌ವೈಸರ್ ಅದನ್ನು ಬಚ್ಚಿಟ್ಟಿರುತ್ತದೆ. ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್‌ನ ಹಳೆಯ ಆವೃತ್ತಿಗಳು ಗೆಸ್ಟ್‌ಗೆ 'ಕೆವಿಎಂ64' ಎಂಬ ತೀರಾ ಹಳೆಯ ಕಾಲದ ಪ್ರೊಸೆಸರನ್ನು ತೋರಿಸುತ್ತಿದ್ದವು. ಅದರ ಮೇಲೆ ಹೊಸ ಲಿನಕ್ಸ್ ಹಾಕಲು ಹೋದವರು ಒಳ್ಳೆಯ ಯಂತ್ರವನ್ನೇ ಕೆಟ್ಟದ್ದೆಂದು ಶಪಿಸಿದ್ದುಂಟು. 2023ರ 8ನೇ ಆವೃತ್ತಿಯಲ್ಲಿ ಈ ರೂಢಿ ಬದಲಾಯಿತು. ಇಂಥ ಎಡವಟ್ಟನ್ನು ಸೆಟ್ಟಿಂಗ್ ಬದಲಿಸಿ ಸರಿಮಾಡಬಹುದು. ಚಿಪ್‌ನಲ್ಲೇ ಇಲ್ಲದ ಆಜ್ಞೆಯನ್ನು ಯಾವ ಸೆಟ್ಟಿಂಗೂ ತಂದುಕೊಡದು.

ಬಯಾಸ್‌ನ ವಿಷಯವೂ ಅಷ್ಟೇ. ಎಎಂಡಿ ಬೋರ್ಡುಗಳಲ್ಲಿ ವರ್ಚುವಲೈಸೇಶನ್ 'ಎಸ್‌ವಿಎಂ ಮೋಡ್' ಎಂಬ ಹೆಸರಿನಲ್ಲಿ, ಎಷ್ಟೋ ಬಾರಿ ಆಫ್ ಆಗಿಯೇ, ಯಾವುದೋ ಒಳಮೆನುವಿನಲ್ಲಿ ಅಡಗಿರುತ್ತದೆ. ಹೊಸ ವಿಂಡೋಸ್ 11 ತನ್ನ ಭದ್ರತೆಗಾಗಿ ಈ ಸೌಲಭ್ಯವನ್ನು ತಾನೇ ಮೊದಲು ಹಿಡಿದುಕೊಳ್ಳುತ್ತದೆ. ಆಗ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಒಂದು ಹಸಿರು ಆಮೆ ಕಾಣಿಸುತ್ತದೆ, ಹೈಪರ್-ವಿಯ ಮೇಲೆ ನಿಧಾನವಾಗಿ ಓಡುತ್ತಿದ್ದೇನೆ ಎಂಬ ಸೂಚನೆ ಅದು. ಹೊಸ ಪ್ರೊಸೆಸರ್ ಕೊಳ್ಳುವ ಮೊದಲು ಈ ಆಮೆಯನ್ನು ಗಮನಿಸಿದರೆ ಎಷ್ಟೋ ಹಣ ಉಳಿಯುತ್ತದೆ.

ಇನ್ನು ರ‍್ಯಾಮ್. ಪ್ರೊಸೆಸರಿನ ಸಮಯವನ್ನು ಹತ್ತು ಗೆಸ್ಟ್‌ಗಳು ಸರದಿಯಲ್ಲಿ ಹಂಚಿಕೊಳ್ಳಬಲ್ಲವು, ಏಕೆಂದರೆ ಹೆಚ್ಚಿನವು ಹೆಚ್ಚಿನ ಹೊತ್ತು ಸುಮ್ಮನಿರುತ್ತವೆ. ಮೆಮೊರಿ ಹಾಗಲ್ಲ. ಸುಮ್ಮನಿರುವ ಗೆಸ್ಟ್ ಕೂಡ ತನ್ನ ಪಾಲನ್ನು ಹಿಡಿದು ಕೂತಿರುತ್ತದೆ. ಒಂದೇ ಬಗೆಯ ಪುಟಗಳನ್ನು ಸೇರಿಸುವ, ಬಳಸದ ಪಾಲನ್ನು ಹಿಂದಕ್ಕೆ ಪಡೆಯುವ ಉಪಾಯಗಳು ಇವೆಯಾದರೂ ಅವು ಸ್ವಲ್ಪ ಉಸಿರಾಡಲು ಬಿಡುತ್ತವೆ, ಅಷ್ಟೆ. ಲೆಕ್ಕ ಸರಳ: ತಲಾ 2 ಜಿಬಿಯ ಐದು ಲಿನಕ್ಸ್ ಗೆಸ್ಟ್‌ಗಳು, 8 ಜಿಬಿಯ ಒಂದು ವಿಂಡೋಸ್ 11, ಹೋಸ್ಟ್‌ಗೆ 4 ಜಿಬಿ ಸೇರಿ 22. ಅಂದರೆ 16 ಜಿಬಿ ಸಾಲದು, 32 ಬೇಕು. ಮೇಲೆ ಹೊಗಳಿದ ಎನ್100ಗೆ ಇಂಟೆಲ್ ಹೇಳುವ ಮಿತಿಯೇ 16 ಜಿಬಿ. ಇಂಟೆಲ್‌ನ 2024ರ ಕೋರ್ ಅಲ್ಟ್ರಾ 200ವಿ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಪ್ರೊಸೆಸರಿನ ಪಕ್ಕದಲ್ಲೇ ಬೆಸೆದುಕೊಂಡು ಬರುತ್ತದೆ, 16 ಇಲ್ಲವೇ 32 ಜಿಬಿ. ಕೊಂಡ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ.

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಹಳೆಯ ಸರ್ವರ್‌ಗಳಿಂದ ಕಿತ್ತ ರ‍್ಯಾಮ್ ಆಕರ್ಷಕವಾಗಿ ಕಾಣುತ್ತದೆ. ಇಲ್ಲೊಂದು ಹಳ್ಳವಿದೆ. ಸರ್ವರ್‌ಗಳಲ್ಲಿ ಹೆಚ್ಚಾಗಿ ಬಳಸುವ ರಿಜಿಸ್ಟರ್ಡ್ ರ‍್ಯಾಮ್ ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಡಿಡಿಆರ್4 ಆದರೆ ಸ್ಲಾಟಿಗೆ ಕೂತೂ ಬಿಡುತ್ತದೆ, ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ನಾಲ್ಕು ಸ್ಲಾಟ್‌ನ ಬೋರ್ಡ್ ತೆಗೆದುಕೊಂಡು, 16 ಜಿಬಿಯ ಎರಡು ಕಡ್ಡಿ ಹಾಕಿ, ಎರಡು ಸ್ಲಾಟ್ ಖಾಲಿ ಬಿಡುವುದು ಹಳೆಯ ಸಲಹೆಯಾದರೂ ಇಂದಿಗೂ ಸರಿ.

ಡಿಸ್ಕಿನ ಮಾತು ಚುಟುಕಾಗಿ ಹೇಳಬಹುದು. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಬಿಡಿ ಓದು-ಬರಹಗಳನ್ನಷ್ಟೇ ಮಾಡಬಲ್ಲದು. ಐದು ಗೆಸ್ಟ್‌ಗಳು ಒಟ್ಟಿಗೆ ಬೂಟಾದರೆ ಅದು ಅಲ್ಲೇ ಕುಸಿಯುತ್ತದೆ. ಎಸ್‌ಎಸ್‌ಡಿ ಬೇಕೇ ಬೇಕು. ಎಸ್‌ಎಸ್‌ಡಿಗಳಲ್ಲೂ ಕ್ಯೂಎಲ್‌ಸಿ ಎಂಬ ಅಗ್ಗದ ಬಗೆಯವು ತಮ್ಮ ಕ್ಯಾಶ್ ತುಂಬಿದ ಮೇಲೆ ಬರೆಯುವ ವೇಗದಲ್ಲಿ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುವುದುಂಟು. ಪೆಟ್ಟಿಗೆಯ ಮೇಲಿನ ವೇಗ ಕ್ಯಾಶ್ ಖಾಲಿ ಇದ್ದಾಗಿನದು.

ಕೊನೆಯ ತಕರಾರು ಯಂತ್ರದಲ್ಲೇ ಇಲ್ಲ. ಇಎಸ್‌ಎಕ್ಸ್‌ಐ 2013ರ 5.5ನೇ ಆವೃತ್ತಿಯಿಂದಲೇ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್‌ನ ಡ್ರೈವರ್‌ಗಳನ್ನು ಜೊತೆಗೆ ಕೊಡುವುದನ್ನು ನಿಲ್ಲಿಸಿತು. 2020ರ 7.0 ಆವೃತ್ತಿ ಹಳೆಯ ಲಿನಕ್ಸ್ ಡ್ರೈವರ್‌ಗಳನ್ನು ಹೊರಗಿನಿಂದ ತುಂಬುವ ದಾರಿಯನ್ನೂ ಮುಚ್ಚಿತು. ಹಾಗಾಗಿ ಅದನ್ನು ಕಲಿಯಬಯಸುವವರು ಇಂಟೆಲ್‌ನ ನೆಟ್‌ವರ್ಕ್ ಚಿಪ್ ಇರುವ ಬೋರ್ಡುಗಳನ್ನು ಹುಡುಕಿ ಕೊಂಡರು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡಿತು. ಮುಂದಿನ ತಿಂಗಳೇ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಪಡೆಯುವ ಪರವಾನಗಿ ನಿಂತಿತು. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಒಂದು ಕಂಪನಿಯ ಹೊಂದಾಣಿಕೆ ಪಟ್ಟಿಯನ್ನಷ್ಟೇ ನೋಡಿ ಯಂತ್ರ ಕಟ್ಟಿದವರು ಹದಿನಾಲ್ಕು ತಿಂಗಳು ಅತಂತ್ರರಾದರು. ಲಿನಕ್ಸ್ ಕರ್ನಲ್‌ನೊಳಗೇ ಡ್ರೈವರ್ ಇರುವ ಯಂತ್ರ ಕೊಂಡಿದ್ದವರು ಪ್ರಾಕ್ಸ್‌ಮಾಕ್ಸ್‌ಗೋ ಬರಿಯ ಕೆವಿಎಂಗೋ ಹೊರಳಿದರು, ಯಂತ್ರ ಬದಲಿಸದೆ. ನಾಳೆ ಮನಸ್ಸು ಬದಲಾದರೂ ಕೈಕೊಡದ ಯಂತ್ರ ಬೇಕಾದರೆ ಲಿನಕ್ಸ್ ಬೆಂಬಲವೇ ಅತ್ಯಂತ ಭರವಸೆಯ ಮಾನದಂಡ.

ಇಷ್ಟೆಲ್ಲ ರಗಳೆ ಯಾಕೆ, ಕ್ಲೌಡ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಆಗದೆ ಎಂಬ ಪ್ರಶ್ನೆ ಏಳುತ್ತದೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರಗಳನ್ನು ತೆರೆದಿದೆ. ಎರಡು ವಾರದ ಕೆಲಸಕ್ಕೆ, ಏರಿಳಿಯುವ ಹೊರೆಗೆ ಬಾಡಿಗೆಯೇ ಸರಿ. ಎಲ್ಲ ಗೆಸ್ಟ್‌ಗಳೂ ಕ್ಲೌಡ್‌ಗೆ ಹೋಗುವಂಥವಲ್ಲ. ಕನ್ನಡದ ಮುದ್ರಣಾಲಯಗಳನ್ನೇ ನೋಡಿ. 2001ರಲ್ಲಿ ಬಂದ ಪೇಜ್‌ಮೇಕರ್ 7 ಆ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಅದರಲ್ಲಿ ಕಟ್ಟಿದ ಪುಸ್ತಕಗಳು ಮರುಮುದ್ರಣಕ್ಕೆ ಬಂದಾಗ ಹಳೆಯ ವಿಂಡೋಸ್ ಬೇಕಾಗುತ್ತದೆ. ಎಕ್ಸ್‌ಪಿ ಗೆಸ್ಟ್‌ಗೆ ಒಂದು ಕೋರ್, ಒಂದು ಜಿಬಿ ರ‍್ಯಾಮ್ ಧಾರಾಳವಾಯಿತು. ಹಳೆಯ ಐಡಿಇ ಡಿಸ್ಕನ್ನು, ಹಳೆಯ ನೆಟ್‌ವರ್ಕ್ ಕಾರ್ಡನ್ನು ಹೈಪರ್‌ವೈಸರ್ ಸುಖವಾಗಿ ನಟಿಸುತ್ತದೆ. ಫಾಂಟ್ ತಂತ್ರಾಂಶದ ಜೊತೆ ಹಾರ್ಡ್‌ವೇರ್ ಲಾಕ್, ಅಂದರೆ ಪೋರ್ಟಿಗೆ ಚುಚ್ಚಿದರೆ ಮಾತ್ರ ತಂತ್ರಾಂಶ ಓಡಲು ಬಿಡುವ ಕೀಲಿ, ಇದ್ದರೆ ಅದನ್ನು ಮಾತ್ರ ನಟಿಸಲಾಗದು, ನಿಜವಾದ ಪೋರ್ಟ್ ಬೇಕು. ಯುಎಸ್‌ಬಿ ಲಾಕನ್ನು ವರ್ಚುವಲ್‌ಬಾಕ್ಸ್ ಮತ್ತು ವಿಎಂವೇರ್ ವರ್ಕ್‌ಸ್ಟೇಷನ್ ಗೆಸ್ಟ್‌ಗೆ ನೇರ ಕೊಡುತ್ತವೆ, ಹೈಪರ್-ವಿ ಕೊಡುವುದಿಲ್ಲ. ಹೀಗಿರುವಾಗ ಈ ಮುದ್ರಣಾಲಯಕ್ಕೆ 16 ಕೋರ್‌ಗಳ ಯಂತ್ರ ಮಾರಿದವರು ಅದಕ್ಕೆ ಬೇಕಾದ್ದನ್ನು ಬಿಟ್ಟು ಬೇಡವಾದ್ದನ್ನೆಲ್ಲ ಕೊಟ್ಟಂತಾಯಿತು.

ಸಾಮಾನ್ಯ ಗ್ರಾಹಕರಿಗೆ ಇಷ್ಟನ್ನೆಲ್ಲ ತಿಳಿಯುವ ವ್ಯವಧಾನ ಎಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಹೊಣೆ ಗ್ರಾಹಕರಲ್ಲ. ವೇಗವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವ ಉದ್ಯಮ ಹೊಂದಾಣಿಕೆಯನ್ನು ನೂರು ಪುಟದ ಕೈಪಿಡಿಯಲ್ಲಿ ಹೂತಿಡುತ್ತದೆ. ಆದರೂ ಪರೀಕ್ಷೆ ಕಷ್ಟವಲ್ಲ. ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್‌ನಿಂದ ಅಂಗಡಿಯಲ್ಲೇ ಯಂತ್ರವನ್ನು ಬೂಟ್ ಮಾಡಿದರೆ ವರ್ಚುವಲೈಸೇಶನ್, ಎವಿಎಕ್ಸ್2, ಐಓಎಂಎಂಯು ಗುಂಪುಗಳು, ನೆಟ್‌ವರ್ಕ್ ಚಿಪ್‌ನ ಹೆಸರು ಎಲ್ಲವೂ ಹತ್ತು ನಿಮಿಷದಲ್ಲಿ ಕಣ್ಣೆದುರಿಗೆ ಬರುತ್ತವೆ. ಅದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗಬಹುದು.

ಕಾಲೇಜಿನ ಲ್ಯಾಬ್‌ಗಾಗಲಿ ಕಚೇರಿಗಾಗಲಿ ಹತ್ತಾರು ಯಂತ್ರ ಕೊಳ್ಳುವವರು ಟೆಂಡರಿನಲ್ಲಿ ಪ್ರೊಸೆಸರಿನ ಹೆಸರು, ಕೋರ್‌ಗಳ ಸಂಖ್ಯೆ ಬರೆದು ಕೈತೊಳೆದುಕೊಳ್ಳಬಾರದು. ಮೊದಲು ಯಾವ ಯಾವ ಗೆಸ್ಟ್‌ಗಳು, ಯಾವ ಆವೃತ್ತಿಗಳು, ಒಟ್ಟಿಗೆ ಎಷ್ಟು ಎಂದು ಪಟ್ಟಿ ಮಾಡಬೇಕು. ಆ ಪಟ್ಟಿಯಿಂದ ಆಜ್ಞಾಸಮೂಹ, ರ‍್ಯಾಮ್‌ನ ಪ್ರಮಾಣ ಮತ್ತು ಖಾಲಿ ಸ್ಲಾಟ್, ಬೋರ್ಡಿನ ಐಓಎಂಎಂಯು ಬೆಂಬಲ, ಲಿನಕ್ಸ್‌ನಲ್ಲಿ ಡ್ರೈವರ್ ಇರುವ ನೆಟ್‌ವರ್ಕ್ ಚಿಪ್ ಈ ನಾಲ್ಕನ್ನು ಇಳಿಸಿಕೊಂಡು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕು. ಗಿಗಾಹರ್ಟ್ಸ್‌ನ ಚರ್ಚೆ ಅದಾದ ಮೇಲೆ ಮಾಡಿದರೆ ಸಾಕು.